ಕಿನ್ಶಾಸಾದಾಗ ಸೂಟಿನವರ ಚಿತ್ರ ಬರೆದದ್ದು

ರಾಯಚೂರು, ತೀನ್ ಕಂದಿಲ್

ಪರದೇಶಕ್ಕ ಹೋಗಿ ಬಂದೋರು ಮೊದಲು ವಿಮಾನದ ಕಿಟಕಿಯಿಂದ ಏನು ಕಂಡಿತು ಅಂತ ಹೇಳ್ತಾರ. ನನಗ ನಡುವಿನ ಸೀಟು ಸಿಕ್ಕಿತ್ತು. ಒಂದು ಕಡಿ ಗೊರಕಿ ಹೊಡಿಯೋರು, ಇನ್ನೊಂದು ಕಡಿ ಕಣ್ಣು ಮುಚ್ಚಿ ಪ್ರಾರ್ಥನಿ ಮಾಡೋರು. ಹಂಗಾಗಿ ಮೋಡದ ವರ್ಣನಿ ನನ್ನ ಹತ್ರ ಇಲ್ಲ. ನಾನು ಹೇಳೋದು ಅಲ್ಲಿ ಹೋಗಿ ಮಾಡಿದ ಒಂದು ತಪ್ಪಿನ ಕತಿ. ಹೇಳಬಾರದು ಅಂತ ಭಾಳ ದಿನ ಸುಮ್ಮನಿದ್ದೆ. ಆದ್ರ ಮಾನ್ವ್ಯಾಗ ಯಾರು ಕಂಡ್ರೂ "ಟೀಚರ್, ಆಫ್ರಿಕಾ ಹ್ಯಾಂಗಿತ್ತು?" ಅಂತ ಕೇಳಿ ಕೇಳಿ ಪ್ರಾಣ ತಿಂದಾರ. ಇನ್ನ ಹೇಳೇಬಿಡ್ತೀನಿ.

ನನ್ನ ಹೆಸರು ಸುಜಾತಾ. ಹುಟ್ಟಿದ್ದು ದೇವದುರ್ಗ, ಮಾನ್ವಿಯೊಳಗ ಡ್ರಾಯಿಂಗ್ ಟೀಚರ್. ಹದಿನೆಂಟು ವರ್ಷದಿಂದ ಐತ್ವಾರಕ್ಕೊಮ್ಮೆ ಬಸ್ ಹತ್ತಿ ರಾಯಚೂರಿಗೆ ಹೋಗಿ ಮಹಬೂಬ್ ಉಸ್ತಾದರ ಹತ್ರ ಚಿತ್ರ ಕಲೀತೀನಿ. ತೀನ್ ಕಂದಿಲ್ ಹತ್ರ ಅವರದು ಬೋರ್ಡ್ ಬರಿಯೋ ಅಂಗಡಿ. ಹೊಟ್ಟಿಪಾಡಿಗೆ ಬೋರ್ಡು, ಮನಸ್ಸಿಗೆ ಸುಲ್ತಾನರ ಕಾಲದ ಸಣ್ಣ ಚಿತ್ರ. ಅಳಿಲಿನ ಬಾಲದ ಕೂದಲಿನ ಕುಂಚ, ಅರೆದ ಕಲ್ಲಿನ ಬಣ್ಣ, ಗೋಂದು. ಬಿಜಾಪುರ, ಗೋಲ್ಕೊಂಡದ ಹಳೇ ಚಿತ್ರಗಾರರು ಹ್ಯಾಂಗ ಬರೀತಿದ್ರೋ ಹಾಂಗ ಬರಿಯೋ ಕೈ ನಮ್ಮ ಕಡಿ ಅವರದೊಂದೇ ಉಳದದ.

ಉಸ್ತಾದರ ಅಳಿಯ ರಫೀಕ್ ಭಾಯ್ ಇಪ್ಪತ್ತು ವರ್ಷದಿಂದ ಕಾಂಗೋ ದೇಶದ ಕಿನ್ಶಾಸಾದಾಗ ಬಟ್ಟಿ ಅಂಗಡಿ ಇಟ್ಟಾರ. ಅಂಗಡಿ ಗೋಡಿ ಮ್ಯಾಲ ಉಸ್ತಾದರು ಬರೆದ ಒಬ್ಬ ಹಬ್ಶಿ ಸರದಾರನ ಚಿತ್ರ ಅದ. ಆಫ್ರಿಕಾದಿಂದ ಗುಲಾಮರಾಗಿ ಬಂದು ನಮ್ಮ ದಖ್ಖನ್ನಿನಾಗ ಸರದಾರರಾದವರಿದ್ರಲ್ಲ, ಅಂಥಾ ಒಬ್ಬಾತ. ಬಿಳೇ ಮಲ್ಮಲ್ ನಿಲುವಂಗಿ, ನಡಕ್ಕ ಜರಿ ಪಟ್ಟಿ, ಕೈಯಾಗ ಉದ್ದ ಕತ್ತಿ. ಒಂದಿನ ಬಟ್ಟಿ ನೋಡಾಕ ಬಂದ ಗಿರಾಕಿಗಳು ಅದರ ಮುಂದ ನಿಂತು, "ಈತ ಯಾವ ಓಣಿಯ ಸಾಪೂರ್?" ಅಂತ ಕೇಳಿದ್ರಂತ.

ಸಾಪೂರ್ ಅಂದ್ರ ಅಲ್ಲಿಯ ಸೂಟಿನ ಶೋಕಿಯವರು. ವಾರೆಲ್ಲಾ ದುಡಿದು, ಐತ್ವಾರ ಸೂಟು ಬೂಟು ಹ್ಯಾಟು ಹಾಕ್ಕೊಂಡು ರಾಜನಂಗ ಓಣ್ಯಾಗ ನಡಿಯೋರು. ಆ ಗಿರಾಕಿಗಳದು ಆರು ಮಂದಿಯ ಒಂದು ಕ್ಲಬ್. ನಮ್ಮನ್ನೂ ಈ ನಮೂನಿ ಬರೀಬೇಕು ಅಂತ ಹಟ ಹಿಡಿದ್ರು. ಉಸ್ತಾದರಿಗೆ ಈಗ ಕೈ ನಡುಗ್ತದ. "ನೀ ಹೋಗು ಬೇಟೀ" ಅಂದ್ರು. ಬ್ಯಾಸಗಿ ರಜಾ ಇತ್ತು. ಹೊಂಟೆ.

ಹೊಂಡೋ ಮುಂದ ತಗಡಿನ ಪೆಟ್ಟಿಗಿ ತೆಗೆದು ಎರಡು ಖಾಕಾ ಕೊಟ್ರು. ಖಾಕಾ ಅಂದ್ರ ಗೆರಿ ಗುಂಟ ಸೂಜಿಲೆ ತೂತು ಹಾಕಿದ ಕಾಗದ. ಒಂದು ಸಣ್ಣದು, ಗಿಣಿ. ಇನ್ನೊಂದು ದೊಡ್ಡದು, ಇಡೀ ದರ್ಬಾರು. ಅವರ ಉಸ್ತಾದರ ಉಸ್ತಾದರಿಂದ ಬಂದದ್ದು.

ಹೈದರಾಬಾದ್, ತಪಾಸಣಿ ಸಾಲು

ವಿಮಾನ ನಿಲ್ದಾಣದಾಗ ನನ್ನ ಚೀಲ ಮಿಷನ್ನಿನೊಳಗ ಹೋದದ್ದು ಹೊರಗ ಬರಲಿಲ್ಲ. ಸಮವಸ್ತ್ರದ ಹೆಣ್ಮಗಳು ಒಂದು ಪೊಟ್ಟಣ ಎತ್ತಿ ಹಿಡಿದು "ಇದೇನು?" ಅಂದ್ಳು. ಬಿಳೇ ಅರಿವ್ಯಾಗ ಗಂಟು ಕಟ್ಟಿದ ಕರೇ ಪುಡಿ. ಇದ್ದಲಿ ಪುಡಿ ಅಂದ್ರ ಆಕಿ ಮುಖ ಇನ್ನೂ ಬಿಗಿ ಆತು. ಇನ್ನಿಬ್ಬರು ಬಂದ್ರು. ಹಿಂದಿನ ಸಾಲಿನವರು ನನ್ನಿಂದ ನಾಕು ಹೆಜ್ಜಿ ಸರಿದು ನಿಂತ್ರು.

ಬಾಯಿಲೆ ಹೇಳಿದ್ರ ಆಗೋದಲ್ಲ ಅಂತ ಒಂದು ಹಾಳಿ ಇಸ್ಕೊಂಡೆ. ಗಿಣಿಯ ಖಾಕಾ ಅದರ ಮ್ಯಾಲಿಟ್ಟು ಪೊಟ್ಟಣದಿಂದ ಟಪಟಪ ತಟ್ಟಿ ಎತ್ತಿದೆ. ತೂತಿನಿಂದ ಪುಡಿ ಇಳಿದು ಹಾಳಿ ಮ್ಯಾಲ ಚುಕ್ಕಿ ಚುಕ್ಕಿ ಗಿಣಿ ಕುಂತಿತ್ತು. ಜಾಲರಿ ಡಬ್ಬಿಲೆ ರಂಗೋಲಿ ಹಾಕ್ತಾರಲ್ಲ, ಅದೇ ಕೆಲಸ. ಚುಕ್ಕಿ ಮ್ಯಾಲ ಕುಂಚದಿಂದ ಗೆರಿ ಎಳೆದ್ರ ಚಿತ್ರ ಶುರು. ಹೆಣ್ಮಗಳು ನಕ್ಕು ಬಿಟ್ಟಳು. ಗಿಣಿ ಹಾಳಿ ಮಾತ್ರ ವಾಪಸ್ ಕೊಡಲಿಲ್ಲ.

ಕಿನ್ಶಾಸಾ, ರಫೀಕ್ ಭಾಯ್ ಅಂಗಡಿ

ಕಾಂಗೋ ಹೊಳಿ ನೋಡಿ ಬೆರಗಾದೆ. ದೇವಸುಗೂರಿನ ಹತ್ರ ಕೃಷ್ಣಾ ತುಂಬಿದ್ದು ನೋಡಿ, ಹೊಳಿ ಅಂದ್ರ ಇದೇ ಅಂತ ತಿಳ್ಕೊಂಡಾಕಿ ನಾನು. ಇಲ್ಲಿ ಹೊಳಿ ಆಚಿ ದಂಡಿ ಮ್ಯಾಲ ಬ್ಯಾರೇ ದೇಶದ ರಾಜಧಾನಿ ಅದ. ಬಿಸಿಲು ನಮ್ಮ ರಾಯಚೂರಿನಷ್ಟು ಇಲ್ಲ, ಆದ್ರ ಬೆವರು ಆರೋದಿಲ್ಲ, ಮೈಗೆ ಹಸಿ ಬಟ್ಟಿ ಸುತ್ತಿದಂಗ. ಊಟಕ್ಕ ಪೊಂಡು ಅಂತ ಪಲ್ಯ ಕೊಟ್ರು. ಹೆಸರು ಕೇಳಿ ನಮ್ಮ ಪುಂಡಿಪಲ್ಯ ಅಂತ ಆಸಿಂದ ಬಾಯಿಗಿಟ್ರ ಹುಳಿ ಇಲ್ಲ ಏನಿಲ್ಲ, ಮರಗೆಣಸಿನ ಎಲಿ ಅಂತ ಅದು. ಜೊತಿಗಿದ್ದ ಬಿಳೇ ಮುದ್ದಿ ಮಾತ್ರ ನಮ್ಮ ಸಂಗಟಿಯ ಖಾಸ ತಂಗಿ. ವಯಸ್ಸಾದ ಹೆಂಗಸರಿಗೆ ಅಲ್ಲಿ ಎಲ್ಲಾರೂ "ಮಾಮಾ" ಅಂತಾರ, ನಾವು ಯವ್ವಾ ಅಂದಂಗ. ಮೊದಲ ದಿನ ಒಬ್ಬ ಮೀಸಿಯಾತ ನನ್ನನ್ನ ಮಾಮಾ ಅಂದಾಗ ಹಿಂದ ಯಾರರ ಗಂಡಸರು ನಿಂತಾರೇನು ಅಂತ ತಿರುಗಿ ನೋಡಿದೆ.

ಮರುದಿನ ಕ್ಲಬ್ಬಿನವರು ಬಂದ್ರು. ಓಣ್ಯಾಗ ಮೊಳಕಾಲುದ್ದ ಗುಂಡಿ, ಗುಂಡಿ ತುಂಬ ಕೆಸರು. ಆ ಗುಂಡಿ ದಾಟಿಕೊಂತ ಆರು ಮಂದಿ ಒಂದು ಹನಿ ಸಿಡಿಯದಂಗ ಬಂದ್ರು. ಬೂಟಿನಾಗ ನನ್ನ ಮುಖ ಕಾಣಾಕತ್ತಿತ್ತು. ನನಗ ಸಿಟ್ಟೇ ಬಂತು. "ಹೊಟ್ಟಿಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗಿ ಹೂವಾ" ಅಂದೆ, ಕನ್ನಡದಾಗೇ.

ರಫೀಕ್ ಭಾಯ್ ಕತ್ತರಿ ಕೆಳಗಿಟ್ರು. "ಟೀಚರ್, ಇದನ್ನ ಅವರ ಭಾಷಾದಾಗ ಹೇಳ್ರಿ ಅಂದ್ರ ನಾ ಹೇಳಂಗಿಲ್ಲ" ಅಂದ್ರು. ಅಲ್ಲಿ ನನಗ ಅವರೇ ಬಾಯಿ, ಅವರೇ ಕಿವಿ.

ಕ್ಲಬ್ಬಿನ ಅಧ್ಯಕ್ಷ ಜೆರಾರ್. ಅರವತ್ತರ ಆಸುಪಾಸು, ಎತ್ತರದ ಆಳು, ದನಿ ಗುಡುಗು. ಅವರ ಶೋಕಿಗೂ ಕಾನೂನು ಇದ್ದಾವು ಅಂತ ಆತನೇ ಕಲಿಸಿದ. ಮೈಮ್ಯಾಲ ಮೂರು ಬಣ್ಣಕ್ಕಿಂತ ಹೆಚ್ಚು ಇರಬಾರದು. ಸೂಟು ಹಾಕ್ಕೊಂಡಾಗ ಜಗಳ ಆಡಬಾರದು, ಕೈ ಎತ್ತಬಾರದು. ನಾನು ಮೂರನೇ ದಿನ ಆತನ ನಡಕ್ಕ ಚಂದ ಕಾಣಲಿ ಅಂತ ಹಸರು ಪಟ್ಟಿ ಬರೆದಿದ್ದೆ, ನಮ್ಮ ಸರದಾರರಿಗೆ ಇರ್ತದಲ್ಲ ಅಂಥಾದ್ದು. ಜೆರಾರ್ ಬಗ್ಗಿ ನೋಡಿ ಬೆರಳು ಮಡಚಿ ಎಣಿಸಿದ. ಕೆನಿಬಣ್ಣ, ಕಂದು, ಕೆಂಪು, ಹಸರು. ನಾಕು. ಮುಖ ಗಂಟು ಹಾಕಿದ. ಹಸಿ ಕುಂಚದಿಂದ ಹಸರನ್ನ ಎತ್ತಿ ತೆಗೆಯೋತನ ಆತ ಕುರ್ಚಿ ಬಿಟ್ಟು ಏಳಲಿಲ್ಲ. ನಮ್ಮ ಬಣ್ಣ ಗೋಂದಿನದು, ನೀರು ತಾಗಿಸಿದ್ರ ಬಿಡ್ತದ. ಅಷ್ಟು ಪುಣ್ಯ.

ದರ್ಬಾರಿನ ಖಾಕಾ ಇಟ್ಟು ಪುಡಿ ತಟ್ಟಿದ್ದೆ. ಅದರಾಗ ನಡುವ ಸುಲ್ತಾನ, ಎಲ್ಲಾರಿಗಿಂತ ದೊಡ್ಡಾಂವ. ಆಚೀಚಿ ಇಬ್ಬಿಬ್ಬರು ಸರದಾರರು, ತುಸು ಸಣ್ಣ. ಎಡಗಡಿ ಅಂಚಿಗೆ ಚೌರಿ ಬೀಸೋ ಆಳು, ಸುಲ್ತಾನನ ಮೊಳಕಾಲಿನಷ್ಟು ಎತ್ತರ. ಹಳೇ ಚಿತ್ರದಾಗ ಯಾರು ಎಷ್ಟು ದೊಡ್ಡವರು ಅನ್ನೋದು ಅಳತ್ಯಾಗೇ ಗೊತ್ತಾಗ್ತದ. ಆರು ಜಾಗ, ಆರು ಮಂದಿ. ಲೆಕ್ಕ ಎಷ್ಟು ಚಂದ ಕೂಡ್ತು ಅಂತ ಖುಷಿಪಟ್ಟೆ.

ನಡುವ ಜೆರಾರ್ ಅಂತ ಯೋಚನಿ ಮಾಡೋದೇ ಇದ್ದಿಲ್ಲ. ಅಂಚಿಗೆ ಯಾರು ಅಂತಾನೂ ನಾನು ಯೋಚನಿ ಮಾಡಲಿಲ್ಲ. ಪ್ಲಾಸಿಡ್ ಅಂತ ಒಬ್ಬಾತ ಇದ್ದ, ಐವತ್ತರ ಮ್ಯಾಲ ವಯಸ್ಸು, ಮಾತು ಕಡಿಮಿ. ಜೆರಾರ್ ಕಾರು ಇಳಿಯೋ ಮುಂದ ಆತನ ತಲಿ ಮ್ಯಾಲ ಛತ್ರಿ ಹಿಡಿಯಾಂವ, ಹ್ಯಾಟಿನ ಡಬ್ಬಿ ತರಾಂವ ಇವನೇ. ಇವನದು ಹಳೇ ಬೂದಿ ಬಣ್ಣದ ಸೂಟು, ಇಸ್ತ್ರಿ ಮಾತ್ರ ಕತ್ತಿ ಅಲಗಿನಂಗ. ದಿನಾ ಎಲ್ಲಾರಿಗಿಂತ ಮೊದಲು ಬಂದು ಅಲುಗಾಡದೆ ಕೂಡ್ತಿದ್ದ. ಹಂಗಾಗಿ ಮೂರು ವಾರದಾಗ ಅತಿ ಹೆಚ್ಚು ಹೊತ್ತು ನೋಡಿ ಬರೆದ ಮುಖ ಪ್ಲಾಸಿಡ್‌ದು, ಅಂಚಿನ ಚೌರಿ ಆಳಿನ ಜಾಗದಾಗ, ಹೆಬ್ಬೆಟ್ಟಿನ ಉಗುರಿನಷ್ಟು.

ಬೇಸ್ತವಾರ

ಐತ್ವಾರ ಕ್ಲಬ್ಬಿನ ವರ್ಷದ ಹಬ್ಬ. ಅವತ್ತು ಮನೆಮಂದಿ ಎಲ್ಲಾ ಬಂದು ಚಿತ್ರ ನೋಡೋರು. ಸೋಮವಾರ ನನ್ನ ವಿಮಾನ. ಬೇಸ್ತವಾರ ಚಿತ್ರ ಮುಗೀತು, ಆರು ಮಂದಿನ್ನೂ ಕರೆಸಿ ತೋರಿಸಿದೆ.

ಜೆರಾರ್‌ಗೆ ಭಾರೀ ಖುಷಿ. ತನ್ನ ಮುಖ ನೋಡ್ಕೋತ ಮೀಸಿ ತಿರುವಿದ. ಉಳಿದ ನಾಕು ಮಂದಿ ತಮ್ಮ ತಮ್ಮ ಬೂಟು ಹುಡುಕಿ ಬೆರಳಿಟ್ಟು ನಕ್ಕರು. ಪ್ಲಾಸಿಡ್ ಎಲ್ಲಾರಿಗಿಂತ ಹಿಂದ ಬಂದ. ನಡುವ ನೋಡಿದ, ಆಚಿ ನೋಡಿದ, ಈಚಿ ನೋಡಿದ. ಆಮ್ಯಾಲ ಅಂಚಿಗೆ ಬಗ್ಗಿದ. ಬಗ್ಗಿದಾತ ಭಾಳ ಹೊತ್ತು ಮ್ಯಾಲ ಏಳಲಿಲ್ಲ. ಎದ್ದು ನಿಂತು ಕರವಸ್ತ್ರ ಮಡಚಿ ಕಿಸೆದಾಗ ಇಟ್ಕೊಂಡ. ರಫೀಕ್ ಭಾಯ್‌ಗೆ ಒಂದೇ ಮಾತು ಹೇಳಿ ಹೊರಗ ಹೋದ.

"ಏನಂದ?" ಅಂತ ಕೇಳಿದೆ.

"ಐತ್ವಾರ ನನ್ನ ಮಗಳು ಬರ್ತಾಳ, ಅಂದ."

ಎಲ್ಲಾರೂ ಹೋದ ಮ್ಯಾಲ ರಫೀಕ್ ಭಾಯ್ ಬಿಡಿಸಿ ಹೇಳಿದ್ರು. ಪ್ಲಾಸಿಡ್ ಜೆರಾರ್‌ನ ಆಳಲ್ಲ. ಇಬ್ಬರೂ ಒಂದೇ ಓಣ್ಯಾಗ ಆಡಿ ಬೆಳೆದವರು, ಕ್ಲಬ್ ಕಟ್ಟಿದವರಾಗ ಪ್ಲಾಸಿಡ್ ಒಬ್ಬ. ಜೆರಾರ್‌ನ ಮೊಳಕಾಲಿಗೆ ಆಪರೇಷನ್ ಆಗ್ಯಾದ, ಅದ್ಕ ಗೆಳೆಯ ಅಂತ ಛತ್ರಿ ಡಬ್ಬಿ ಹಿಡೀತಾನ. ವಾರದ ದಿನ ಹೊಳಿ ಬಂದರಿನಾಗ ಹಮಾಲಿ. ಮಗಳು ಗ್ರಾಸ್, ಹದಿನೇಳು ವರ್ಷದಾಕಿ, ಹಾಸ್ಟೆಲಿನಾಗ ಓದಾಕತ್ತಾಳ. ಅಪ್ಪ ತಲಿ ಮ್ಯಾಲ ಮೂಟಿ ಹೊತ್ತದ್ದನ್ನ ಆಕಿ ಗೆಳತ್ಯಾರು ನೋಡಿ ನಕ್ಕಾರ. ಅವತ್ತಿನಿಂದ ಅಪ್ಪನ ಜೊತಿ ಮಾತು ಬಿಟ್ಟಾಳ. ಈತ ಹೇಳಿ ಕಳಿಸ್ಯಾನ, ಐತ್ವಾರ ಬಾ, ನಿಮ್ಮಪ್ಪ ಎಂಥಾ ಮನುಷ್ಯ ಅಂತ ಚಿತ್ರದಾಗ ನೋಡು ಅಂತ. ಆಕಿ ಬರ್ತೀನಿ ಅಂದಾಳ.

ತಪ್ಪು ಮಾಡೀನಿ ಅಂತ ನನಗ ಗೊತ್ತಾತು. ಆದ್ರ ಬಾಯಿಂದ ಬಂದದ್ದು ಬ್ಯಾರೇನೇ. "ಇದು ಹಳೇ ಪದ್ಧತಿ, ಸಣ್ಣದಾಗಿ ಬರೆದ್ರ ಅಪಮಾನ ಅಲ್ಲ ಅಂತ ಆತಗ ಹೇಳ್ರಿ" ಅಂದೆ.

"ನೀವೇ ಹೇಳ್ರಿ" ಅಂದ್ರು ರಫೀಕ್ ಭಾಯ್.

ಶುಕ್ರವಾರ

ಮುಂಜಾನಿ ಶಟರ್ ಎತ್ತಿದ್ರ ಪ್ಲಾಸಿಡ್ ರಸ್ತೆದ ಆಚಿ ನಿಂತಿದ್ದ. ಅದೇ ಬೂದಿ ಸೂಟು. ಛತ್ರಿ ಇಲ್ಲ, ಡಬ್ಬಿ ಇಲ್ಲ, ಕೈ ಎರಡೂ ಖಾಲಿ. ಅಂಗಡಿ ಕಡಿ ಮುಖ ಮಾಡಿ ಸುಮ್ಮನ ನಿಂತಿದ್ದ. ಒಂದು ತಾಸಾತು, ಎರಡು ತಾಸಾತು. ಬಿಸಿಲು ನೆತ್ತಿಗೆ ಬಂತು. ಕೋಟಿನ ಒಂದು ಗುಂಡಿ ಸೈತ ಬಿಚ್ಚಲಿಲ್ಲ. ಸೂಟಿನಾಗ ಜಗಳ ಆಡಬಾರದು ಅನ್ನೋದು ಅವರ ಕಾನೂನು, ಅದ್ಕ ಆತ ಜಗಳ ಆಡಲಿಲ್ಲ. ನಿಂತ, ಅಷ್ಟೇ.

ನಮ್ಮಲ್ಲಿ ತಹಶೀಲ್ ಆಫೀಸಿನ ಮುಂದ ಧರಣಿ ಕೂಡ್ತಾರಲ್ಲ, ಅಲ್ಲಿ ಪೆಂಡಾಲ್ ಇರ್ತದ, ಮೈಕ್ ಇರ್ತದ, ಘೋಷಣಿ ಇರ್ತದ. ಈ ಒಬ್ಬಂಟಿ ಧರಣಿಗೆ ಅದೊಂದೂ ಇದ್ದಿಲ್ಲ. ಗಿರಾಕಿಗಳು ಬಾಗಿಲ ತನಕ ಬಂದು, ಆತನ್ನ ನೋಡಿ, ಏನೋ ಆಗ್ಯಾದ ಅಂತ ವಾಪಸ್ ಹೋಗಾಕತ್ತಿದ್ರು. ರಫೀಕ್ ಭಾಯ್ ಮೂರು ಸರ್ತಿ ನೀರು ಒಯ್ದು ಒಳಗ ಬರ್ರಿ ಅಂದ್ರು. ನೀರು ಕುಡದ. ಒಳಗ ಬರಲಿಲ್ಲ.

ಉಸ್ತಾದರಿಗೆ ಫೋನ್ ಹಚ್ಚಿದೆ. ಎಲ್ಲಾ ಹೇಳಿ, "ಖಾಕಾದಾಗೇ ಹಂಗಿತ್ತಲ್ರೀ ಉಸ್ತಾದ್, ನಾ ಏನು ಮಾಡಲಿ" ಅಂದೆ. ಅವರು ಹೂಂ ಅಂತಾರ ಅಂತ ಕಾದೆ.

"ನಕ್ಕೋ, ಬ್ಯಾಡ ಬೇಟೀ, ತಪ್ಪು ಖಾಕಾದ ಮ್ಯಾಲ ಹಾಕಬ್ಯಾಡ" ಅಂದ್ರು. "ಖಾಕಾದಾಗ ಇರೋದು ಬರೇ ತೂತು. ಯಾರನ್ನ ಎಲ್ಲಿ ನಿಲ್ಲಿಸಬೇಕು ಅಂತ ನೀ ನಿಲ್ಲಿಸಿದಿ." ಆಮ್ಯಾಲ, "ರಫೀಕನ ಗೋಡಿ ಮ್ಯಾಲಿನ ಹಬ್ಶಿ ಸರದಾರ ನಮ್ಮ ದಖ್ಖನ್ ಮುಲ್ಕಿಗೆ ಬಂದಾಗ ಏನಾಗಿದ್ದ?" ಅಂತ ಕೇಳಿದ್ರು.

"ಗುಲಾಮ."

"ಚಿತ್ರದಾಗ ಎಷ್ಟು ದೊಡ್ಡಾಂವ ಅದಾನ, ನೋಡು ಜರಾ" ಅಂದು ಫೋನ್ ಇಟ್ರು.

ನಾನು ಗೋಡಿ ನೋಡಲಿಲ್ಲ, ರಸ್ತಿ ನೋಡಿದೆ. ಈಗ ಹೇಳೋದನ್ನ ಮಾನ್ವ್ಯಾಗ ಯಾರಿಗೂ ಹೇಳಿಲ್ಲ. ನಮ್ಮಪ್ಪ ಗಬ್ಬೂರು, ದೇವದುರ್ಗದ ಗೋದಾಮಿನಾಗ ಮೂಟಿ ಹೊತ್ತಾಂವ. ನಮ್ಮ ಕೇರ್ಯಾಗ ಮನಿ ಮನಿ ಗೋಡಿಗೂ ನೀಲಿ ಕೋಟಿನ ಒಂದು ಫೋಟೊ ಇರ್ತದ, ಯಾರದಂತ ನಮ್ಮೋರಿಗೆ ಹೇಳಬೇಕಾಗಿಲ್ಲ. ಆ ಕೋಟು ನೋಡ್ಕೋತ ನಾವು ಓದಿದ್ವಿ. ನನಗ ನೌಕರಿ ಆದ ವರ್ಷ ಅಪ್ಪ ಒಂದು ಕೋಟು ಹೊಲಿಸಿದ, ಸಾಲಿ ವಾರ್ಷಿಕೋತ್ಸವಕ್ಕ ಹಾಕ್ಕೊಂಡು ಬಂದ. ಗೇಟಿನಾಗ ಊರಿನ ದೊಡ್ಡ ಮನುಷ್ಯ ಒಬ್ಬ ನಕ್ಕೋತ, "ಯಾರ ಕೋಟಲೇ ಅದು, ಯಾರಿಗೆ ಕೊಡಾಕ ಒಯ್ಯಾಕತ್ತಿ?" ಅಂದ. ಅಪ್ಪ ಕೋಟು ಬಿಚ್ಚಿ ಕೈ ಮ್ಯಾಲ ಹಾಕ್ಕೊಂಡ, ಖರೇನೇ ಯಾರದೋ ಕೋಟು ಹಿಡಿದಂಗ. ಕಾರ್ಯಕ್ರಮ ಮುಗಿಯೋತನ ಹಂಗೇ ಹಿಂದ ನಿಂತಿದ್ದ. ನಾನು ವೇದಿಕಿ ಮ್ಯಾಲಿಂದ ನೋಡಿದೆ, ಇಳಿದು ಹೋಗಲಿಲ್ಲ.

ಇಷ್ಟೆಲ್ಲಾ ಉಂಡಾಕಿ ನಾನು. ಕೈಯಾಗ ಏನೋ ಹಿಡಿದಾನ ಅಂದ ಕೂಡ್ಲೇ ಆಳು ಅಂತ ತಿಳಿದು ಅಂಚಿಗೆ ನಿಲ್ಲಿಸಿದೆ. ನನಗ ನನ್ನ ಮ್ಯಾಲೇ ಹೇಸಿಗಿ ಬಂತು. ರಸ್ತಿ ದಾಟಿ ಹೋಗಿ ಆತನ ಮುಂದ ನಿಂತೆ. "ಬ್ಯಾರೇ ಚಿತ್ರ ಬರೀತೀನಿ, ಒಳಗ ಬಂದು ಕೂಡ್ರಿ" ಅಂದೆ. ರಫೀಕ್ ಭಾಯ್ ತಿಳಿಸಿ ಹೇಳಿದ್ರು. ಪ್ಲಾಸಿಡ್ ನನ್ನನ್ನ ನೋಡಿ ತಲಿ ಅಲ್ಲಾಡಿಸಿದ.

"ಮೂರು ವಾರ ಕೂತಿದ್ದೆನಲ್ಲ, ಮಾಮಾ" ಅಂದನಂತ.

ಶನಿವಾರ

ನನ್ನ ಹತ್ರ ಒಂದೇ ಹಾಳಿ ಉಳದಿತ್ತು. ಖಾಕಾ ಇಲ್ಲದೆ ನಾನು ಹುಟ್ಟಿದಾಗಿಂದ ಪೂರಾ ಚಿತ್ರ ಬರೆದಾಕಿ ಅಲ್ಲ. ಪೆನ್ಸಿಲ್ ಹಿಡಿದ್ರ ಕೈ ಹಿಂದ ಸರೀತಿತ್ತು. ಶುಕ್ರವಾರ ಸಂಜಿಮುಂದ ಎಳೆದ ಗೆರಿ ಮೂರು ಸರ್ತಿ ಅಳಿಸಿದೆ. ಇಡೀ ಹಾಳಿ ತುಂಬ ಪ್ಲಾಸಿಡ್ ಒಬ್ಬನೇ, ಹಿಂದ ಬರೇ ಹಸರು ಬಣ್ಣ, ಗೋಡಿ ಮ್ಯಾಲಿನ ಹಬ್ಶಿ ಸರದಾರನ ಚಿತ್ರದಂಗ. ಸೂಟಿನ ಒಂದೊಂದು ಮಡಿಕಿ, ಬೂಟಿನ ಹೊಳಪು, ಎಲ್ಲಾ ಬರೆದೆ. ಆತ ಶನಿವಾರನೂ ಹೊರಗ ನಿಂತಿದ್ದ. ತಲಿ ಎತ್ತಿ ಆತನ ಕಡಿ ನೋಡೋ ಧೈರ್ಯ ಆಗಲಿಲ್ಲ. ಮುಖವನ್ನ ನೆನಪಿನ ಮ್ಯಾಲ ಬರೆದೆ. ಆದಷ್ಟು ಚಂದ ಬರೆದೆ.

ಮಧ್ಯಾಹ್ನ ಜೆರಾರ್ ಬಂದ. ದರ್ಬಾರಿನ ಚಿತ್ರ ಆಗಲೇ ಆತನ ಮನಿ ಸೇರಿತ್ತು. ನಾನು ತಪ್ಪಾಗ್ಯಾದ ಅಂದೆ. ಆತ ಕೋಲು ಊರಿ ನಿಂತು, "ಪ್ಲಾಸಿಡ್ ನನ್ನ ಡಬ್ಬಿ ಹಿಡೀತಾನ. ಅದು ಸುಳ್ಳೇನು? ನಾಳೆ ಗೋಡಿಗೆ ನಮ್ಮ ಚಿತ್ರ ಒಂದೇ" ಅಂದ. ಗುಡುಗಿದ್ರೂ ನಡೀತಿತ್ತು, ಮೆಲ್ಲಗ ಅಂದ.

ಆತ ಹೋದ ಮ್ಯಾಲ ರಫೀಕ್ ಭಾಯ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತ್ರು. ಅವರ ಅರ್ಧ ಗಿರಾಕಿಗಳು ಜೆರಾರ್ ಕಡಿಯವರು. "ನೀವು ಸೋಮವಾರ ವಿಮಾನ ಹತ್ತೀರಿ ಟೀಚರ್. ನಾ ಇಲ್ಲೇ ಬಾಳ್ವಿ ಮಾಡಬೇಕು" ಅಂದ್ರು. ನಾನು ಕುಂಚ ಕೆಳಗಿಟ್ಟೆ. ಅವರು ಹೊರಗ ನಿಂತಾತನ್ನ ಒಂದು ಸರ್ತಿ ನೋಡಿದ್ರು. "ಬರೀರಿ ಬರೀರಿ, ಬಣ್ಣ ಒಣಗತದ" ಅಂತ ಪಂಖಾ ನನ್ನ ಕಡಿ ತಿರುವಿದ್ರು.

ಐತ್ವಾರ

ಚರ್ಚು ಮುಗಿಸಿಕೊಂಡು ಜನ ಕ್ಲಬ್ಬಿನ ಹಾಲಿಗೆ ಬಂದಿದ್ರು. ಹೆಂಗಸರು ಮಕ್ಕಳು ಎಲ್ಲಾ ಸೇರಿ ಇನ್ನೂರು ಮಂದಿ ಇರಬೇಕು. ಇನ್ನೂರು ಮಂದಿಯಾಗ ಒಂದು ಮುದುರಿದ ಕಾಲರ್ ಇದ್ದಿಲ್ಲ. ರಫೀಕ್ ಭಾಯ್ ನನ್ನ ಚಿತ್ರವನ್ನ ಬಟ್ಟ್ಯಾಗ ಸುತ್ತಿ ತಾವೇ ಹೊತ್ತು ತಂದ್ರು. ಬಾಗಲಾಗ ಜೆರಾರ್ ಅಡ್ಡ ನಿಂತ. ಬಟ್ಟಿ ಸರಿಸಿ ನೋಡಿದ. ದರ್ಬಾರಿನ ಚಿತ್ರ ಆಗಲೇ ಒಳಗ ಗೋಡಿ ಮ್ಯಾಲಿತ್ತು. ಅದನ್ನ ನೋಡಿದ, ಇದನ್ನ ನೋಡಿದ.

"ಬಾಜೂಕ ಹಾಕ್ರಿ. ಜನ ನೋಡ್ಲಿ" ಅಂದ. ತನ್ನ ಚಿತ್ರದ ಮ್ಯಾಲ ಅಷ್ಟು ಭರವಸಿ ಇತ್ತು ಆತಗ.

ಪ್ಲಾಸಿಡ್ ಹಿಂದಿನ ಸಾಲಿನಾಗ ನಿಂತಿದ್ದ. ಹಾಲಿನ ಆ ತುದಿಯಿಂದ ತನ್ನ ದೊಡ್ಡ ಚಿತ್ರ ಕಂಡಿತು ಆತಗ. ಮುಖ ಅರಳಿತೋ ಇಲ್ಲೋ ನಾ ಹೇಳಲಾರೆ, ಗಲ್ಲ ಒಂಚೂರು ಮ್ಯಾಲೆತ್ತಿದ. ಆಗ ಬಾಗಲಾಗ ಸಾಲಿ ಯೂನಿಫಾರ್ಮಿನ ಹುಡುಗಿ ಒಬ್ಬಾಕಿ ಬಂದ್ಳು. ಗ್ರಾಸ್ ಅಂತ ರಫೀಕ್ ಭಾಯ್ ಪಿಸುಗುಟ್ಟಿದ್ರು. ಅಪ್ಪನ ಹತ್ರ ಹೋಗಲಿಲ್ಲ, ನೆಟ್ಟಗ ಗೋಡಿ ಕಡಿ ಬಂದ್ಳು.

ಮೊದಲು ದರ್ಬಾರಿನ ಚಿತ್ರದ ಮುಂದ ನಿಂತ್ಳು. ನಡುವ ನೋಡಲಿಲ್ಲ. ನೇರ ಎಡಗಡಿ ಅಂಚಿಗೆ ಬಗ್ಗಿದ್ಳು, ಯಾರೋ ತೋರಿಸಿ ಕೊಟ್ಟಂಗ. ಬೆರಳಿಟ್ಟು ಒಂದು ಮಾತು ಅಂದ್ಳು. ರಫೀಕ್ ಭಾಯ್ ನನ್ನ ಕಿವ್ಯಾಗ ಹೇಳಿದ್ರು, "ಈತ ನಮ್ಮಪ್ಪ."

ಆಮ್ಯಾಲ ದೊಡ್ಡ ಚಿತ್ರದ ಕಡಿ ತಿರುಗಿದ್ಳು. ಸೂಟು ನೋಡಿದ್ಳು, ಬೂಟು ನೋಡಿದ್ಳು, ಮುಖ ನೋಡಿದ್ಳು. ಹಿಂದ ಸರಿದು ಮತ್ತ ನೋಡಿದ್ಳು.

"ಇದ್ಯಾರು?" ಅಂದ್ಳು.

ಯಾರೋ ಒಬ್ಬರು ನಕ್ಕರು. ಜೆರಾರ್ ನಗಲಿಲ್ಲ, ಅದನ್ನ ಒಪ್ಪಬೇಕು. ಪ್ಲಾಸಿಡ್ ಹಿಂದ ನಿಂತಲ್ಲೇ ಹ್ಯಾಟು ತೆಗೆದ. ನಾನು ಚಿತ್ರದ ಹತ್ರ ಹೋಗಿ ನೋಡಿದೆ. ಹುಡುಗಿ ಅಂದದ್ದು ಖರೇ. ಅದು ಯಾರೂ ಅಲ್ಲ. ಬೂದಿ ಸೂಟಿನೊಳಗ ಒಬ್ಬ ಚಂದನ ಗಂಡಸು, ನನ್ನ ಅಂಜಿಕಿ ಬರೆದ ಗಂಡಸು. ಪ್ಲಾಸಿಡ್‌ನ ಖರೇ ಮುಖ ಆ ಉಗುರಿನಷ್ಟು ಜಾಗದಾಗೇ ಉಳದಿತ್ತು.

ಮಂದಿ ಮುಂದ ಮಾತಾಡೋದು ಟೀಚರ್‌ಗೆ ಹೊಸದಲ್ಲ. ಮಂದಿ ಮುಂದ ತಪ್ಪು ಒಪ್ಪಿಕೊಳ್ಳೋದು ಹೊಸದು. "ತಪ್ಪು ನಂದು. ಚಿತ್ರ ದೊಡ್ಡದು ಮಾಡೋ ಅವಸರದಾಗ ನಾನು ಅವರನ್ನ ನೋಡಲೇ ಇಲ್ಲ" ಅಂದೆ. ರಫೀಕ್ ಭಾಯ್ ಗಟ್ಟಿಯಾಗಿ ಎಲ್ಲಾರಿಗೂ ಕೇಳೋಹಂಗ ಹೇಳಿದ್ರು. ಪ್ಲಾಸಿಡ್ ಕಡಿ ತಿರುಗಿ, "ಇನ್ನೊಂದು ಸರ್ತಿ ಕೂಡ್ರಿ. ಒಂದೇ ಸರ್ತಿ" ಅಂದೆ.

ಆತ ಬರ್ತಾನ ಅಂತ ನನಗ ಖಾತ್ರಿ ಇದ್ದಿಲ್ಲ. ಬಂದ. ರಫೀಕ್ ಭಾಯ್ ಅಂಗಡಿಯಿಂದ ನನ್ನ ಬಣ್ಣ, ಕುಂಚ ತರಿಸಿ ಕಿಟಕಿ ಬೆಳಕಿಗೆ ಕುರ್ಚಿ ಹಾಕಿದ್ರು. ನಾನು ಚಿತ್ರ ಇಳಿಸಿ ತೊಡಿ ಮ್ಯಾಲಿಟ್ಕೊಂಡು, ಹಸಿ ಕುಂಚ ಮುಖದ ಮ್ಯಾಲ ಒತ್ತಿದೆ. ಬಣ್ಣ ಎದ್ದು ಬಂತು. ಕಣ್ಣು ಹೋತು, ಮೂಗು ಹೋತು. ಸೂಟಿನ ಮ್ಯಾಲ ಬರೇ ಒಂದು ಹಸಿ ಕಲೆ ಉಳೀತು. ಹಿಂದ ಹೆಂಗಸರು ಉಸಿರು ಎಳ್ಕೊಂಡದ್ದು ಕೇಳಿತು. ಕಾಗದ ತೆಳ್ಳಗಾಗಿತ್ತು, ಇನ್ನೊಂದು ಸರ್ತಿ ಒದ್ದಿ ಆದ್ರ ಹರೀತದ. ಅದು ಕಡೀ ಹಾಳಿ.

ಆಗ ನೋಡಿದೆ, ಖರೇನೇ ನೋಡಿದೆ. ಮೂಟಿ ಹೊತ್ತು ಹೊತ್ತು ಕುತ್ತಿಗಿ ದಪ್ಪಾಗಿ ಕಾಲರ್ ತುಂಬಿತ್ತು. ಎಡಗಣ್ಣಿನ ರೆಪ್ಪಿ ಒಂಚೂರು ಇಳಿದಿತ್ತು. ಕಣ್ಣಿನ ಕೆಳಗ ಎರಡು ಗೆರಿ, ಬಾಯಿ ಮೂಲ್ಯಾಗ ಒಂದು. ಅವಸರದಾಗ ಕ್ಷೌರ ಮಾಡ್ಕೊಂಡ ಗಾಯ. ಒಂದನ್ನೂ ಬಿಡಲಿಲ್ಲ, ಒಂದನ್ನೂ ಚಂದ ಮಾಡಲಿಲ್ಲ. ಒಂದು ತಾಸಿಗಿಂತ ಹೆಚ್ಚಾಗಿರಬೇಕು. ಮಕ್ಕಳು ಹಸದು ಅಳಾಕತ್ತಿದ್ವು, ಆದ್ರ ದೊಡ್ಡವರು ಯಾರೂ ಹೋಗಲಿಲ್ಲ. ಜೆರಾರ್ ಕುಂಟಿಕೋತ ಬಂದು ನನ್ನ ಹಿಂದ ಒಂದಿಷ್ಟು ಹೊತ್ತು ನಿಂತ.

ಮುಗಿಸಿ ಚಿತ್ರ ಗೋಡಿಗೆ ಹಾಕಿದ್ವಿ. ಪ್ಲಾಸಿಡ್ ನೋಡಲಿಲ್ಲ. ಮಗಳನ್ನ ನೋಡಾಕತ್ತಿದ್ದ.

ಗ್ರಾಸ್ ಹತ್ರ ಬಂದ್ಳು. ದರ್ಬಾರಿನ ಚಿತ್ರದ ಅಂಚಿಗೊಮ್ಮೆ ಹೋಗಿ, ತಿರುಗಿ ಬಂದು ದೊಡ್ಡದರ ಮುಂದ ನಿಂತ್ಳು. ಭಾಳ ಹೊತ್ತು ನಿಂತ್ಳು. ಕಡಿಗೆ ಎರಡು ಮಾತು ಅಂದ್ಳು, ಅಪ್ಪನಿಗೂ ಅಲ್ಲ, ನನಗೂ ಅಲ್ಲ. ರಫೀಕ್ ಭಾಯ್ ಕನ್ನಡದಾಗ ಹೇಳಿದ್ರು.

"ಈಗ ಹೌದು, ನಮ್ಮಪ್ಪನೇ. ಇಷ್ಟು ದಣದಾನಂತ ನನಗ ಗೊತ್ತಿದ್ದಿಲ್ಲ."